ಇಂಗ್ಲೆಂಡಿನ ಬಿಯರು, ನಮ್ಮೂರಿನ ಲೋಟ



ಈ ಸಲ ಬಿಯರ್ ಬಗ್ಗೆ ಬರೀತಾ ಇದೀನಿ. ಹೌದು, ಬಿಯರ್ ಬಗ್ಗೇನೇ. ಚಳವಳಿಯವನಿಗೆ ಇದೆಲ್ಲ ಯಾಕಪ್ಪಾ ಅಂತ ಕೇಳೋರು ಕೇಳಲಿ. ಯಾರು ಯಾರ ಪಕ್ಕ ಕೂತು, ಯಾವ ಲೋಟದಲ್ಲಿ, ಯಾರ ಕೈಯಿಂದ ತಗೊಂಡು ಕುಡಿಯಬಹುದು ಅನ್ನೋ ಲೆಕ್ಕದ ಮೇಲೇ ಜಾತಿ ನಿಂತಿರೋದು. ಅದು ನೀರಾದ್ರೂ ಅಷ್ಟೆ, ಟೀ ಆದ್ರೂ ಅಷ್ಟೆ, ಬಿಯರ್ ಆದ್ರೂ ಅಷ್ಟೆ. ಹಾಗಾಗಿ ಕುಡಿಯೋ ವಿಚಾರ ನಮ್ಮ ಪಾಲಿಗೆ ಯಾವತ್ತೂ ಬರೀ ಬಾಯಿರುಚಿಯ ವಿಚಾರ ಆಗಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿ ಕಾರ್ಯಕ್ರಮಕ್ಕೆ ಇಂಗ್ಲೆಂಡಿಗೆ ಹೋಗಿದ್ದೆ. ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಕಡೆ ನಮ್ಮ ಪಂಜಾಬಿ ಬಂಧುಗಳು, ರವಿದಾಸಿಯಾ ಸಮುದಾಯದವರು ಬಹಳ ಜನ ಇದ್ದಾರೆ. 1950-60ರ ದಶಕದಲ್ಲಿ ಅಲ್ಲಿನ ಫೌಂಡ್ರಿಗಳಲ್ಲಿ ಕಬ್ಬಿಣ ಕಾಯಿಸೋಕೆ ಹೋದವರು, ಅವರ ಮಕ್ಕಳು, ಮೊಮ್ಮಕ್ಕಳು. ನಾನು ಉಳ್ಕೊಂಡಿದ್ದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಜಲಂಧರ್ ಕಡೆಯವರು, ಹುಡುಗನಾಗಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಬಂದವರು. ನಾನು ಅವರನ್ನ ಅಂಕಲ್‌ಜಿ ಅಂತಿದ್ದೆ, ಅವರು ನನ್ನ ಬೇಟಾ ಅಂತಿದ್ದರು. "ಬೇಟಾ, ಭಾಷಣ ಎಲ್ಲಾ ಆಯ್ತು, ಈಗ ನಮ್ಮ ಇತಿಹಾಸ ತೋರಿಸ್ತೀನಿ ಬಾ" ಅಂತ ಒಂದು ಸಂಜೆ ಕರ್ಕೊಂಡು ಹೋಗಿದ್ದು ಒಂದು ಪಬ್ಬಿಗೆ.

ಬಾರ್ ಕಟ್ಟೆ ಮೇಲೆ ಉದ್ದುದ್ದ ಹಿಡಿಗಳು ನಿಂತಿದ್ದವು. ಅಂಕಲ್‌ಜಿ ಡ್ರಾಟ್ ಬಾಸ್ ಹೇಳಿದರು. ಬರ್ಟನ್ ಅಪಾನ್ ಟ್ರೆಂಟ್ ಅನ್ನೋ ಊರಿನ ಪೇಲ್ ಏಲ್ ಅದು. ಕೆಂಪು ತ್ರಿಕೋನ ಅದರ ಗುರುತು. ಬ್ರಿಟನ್ನಿನಲ್ಲಿ ಮೊಟ್ಟಮೊದಲು ನೋಂದಣಿಯಾದ ಟ್ರೇಡ್‌ಮಾರ್ಕ್ ಇದೇ ತ್ರಿಕೋನ, 1876ರಲ್ಲಿ. ಕೌಂಟರಿನ ಹೆಣ್ಣುಮಗಳು ಹಿಡಿಯನ್ನ ತನ್ನ ಕಡೆಗೆ ಎರಡು ಮೂರು ಸಲ ಜಗ್ಗಿದಳು. ಕೆಳಗೆ ನೆಲಮಾಳಿಗೆಯಲ್ಲಿರೋ ಪೀಪಾಯಿಯಿಂದ ಬಿಯರ್ ಮೇಲೆದ್ದು ಬಂತು. ಗ್ಯಾಸ್ ತುಂಬಿ ತಳ್ಳೋದಿಲ್ಲ, ಬರೀ ತೋಳಿನ ಶಕ್ತಿ.

ನಮ್ಮೂರ ಬೋರಿಂಗ್ ನೆನಪಾಯ್ತು ನನಗೆ. ಕೋಲಾರದ ಕಡೆಯವರಿಗೆ ಗೊತ್ತು, ಹ್ಯಾಂಡ್‌ಪಂಪಿಗೆ ನಾವು ಬೋರಿಂಗ್ ಅಂತೀವಿ. ಊರಿಗೊಂದು, ಕಾಲೋನಿಗೊಂದು. ಬೇಸಿಗೆಯಲ್ಲಿ ಕಾಲೋನಿ ಬೋರಿಂಗ್ ಬತ್ತಿದಾಗ ನಮ್ಮಮ್ಮ, ಅತ್ತೆ ಎಲ್ಲಾ ಕೊಡ ಹಿಡ್ಕೊಂಡು ಊರೊಳಗಿನ ಬೋರಿಂಗ್ ಹತ್ರ ದೂರ ನಿಲ್ಲೋರು. ಹಿಡಿ ಮುಟ್ಟೋ ಹಾಗಿಲ್ಲ. ಊರಿನೋರು ಯಾರಾದ್ರೂ ಮನಸ್ಸು ಮಾಡಿ ಎರಡು ಕೊಡ ಹೊಡೆದು ಕೊಡಬೇಕು. ಬಾಬಾಸಾಹೇಬರು ತಮ್ಮ ಶಾಲೆಯ ನಲ್ಲಿ ಬಗ್ಗೆ ಬರೆದಿದ್ದಾರಲ್ಲ, ಜವಾನ ಬಂದು ತಿರುಗಿಸದೇ ಇದ್ರೆ ಆ ದಿನ ಹುಡುಗನಿಗೆ ನೀರಿಲ್ಲ. ಆ ನಲ್ಲಿಗೂ ನಮ್ಮೂರ ಬೋರಿಂಗಿಗೂ ಮಧ್ಯೆ ನೂರು ವರ್ಷ. ಹಿಡಿ ಯಾರ ಕೈಯಲ್ಲಿ ಅನ್ನೋ ಪ್ರಶ್ನೆ ಮಾತ್ರ ಅದೇ.

ರುಚಿ ಹೇಗಿತ್ತು? ಹೇಳ್ತೀನಿ. ನಮ್ಮಲ್ಲಿ ಬಾಟಲಿ ಬಿಯರ್ ಕುಡಿದ ನಾಲಿಗೆಗೆ ಮೊದಲ ಗುಟುಕು ಪಚೀತಿ ಮಾಡುತ್ತೆ. ಐಸ್ ಥರ ತಣ್ಣಗಿರಲ್ಲ, ನೆಲಮಾಳಿಗೆಯ ತಂಪು ಅಷ್ಟೆ, ಹನ್ನೆರಡು ಡಿಗ್ರಿ ಆಸುಪಾಸು. ಗಂಟಲು ಚುಚ್ಚೋ ಗ್ಯಾಸಿಲ್ಲ. ಹೆಸರಿಗೆ ಪೇಲ್ ಅಂದ್ರೂ ಬಣ್ಣ ತಿಳಿಯಾದ ತಾಮ್ರದ್ದು. ಆ ಕಾಲದಲ್ಲಿದ್ದ ಕಪ್ಪು ಪೋರ್ಟರ್ ಬಿಯರಿನ ಪಕ್ಕ ಇಟ್ಟು ನೋಡಿದ್ರೆ ಇದು ಪೇಲ್. ಮೊದಲು ಹುರಿದ ಕಾಳಿನ ಸಿಹಿ, ಬೆಲ್ಲದ ಪಾಕ ಒಂಚೂರು ಸೀದ ಹಾಗೆ. ಆಮೇಲೆ ನಿಧಾನಕ್ಕೆ ಕಹಿ ಏರುತ್ತೆ. ಹಾಗಲಕಾಯಿಯ ಕಹಿ ಅಲ್ಲ, ಬೇವಿನ ಹೂವಿನ ಕಹಿ. ನುಂಗಿದ ಮೇಲೂ ನಾಲಿಗೆ ಹಿಂದೆ ಕೂತಿರುತ್ತೆ. ಮೂಗಿಗೆ ಕಿತ್ತಳೆ ಸಿಪ್ಪೆ, ಒದ್ದೆ ಹುಲ್ಲು, ಜೊತೆಗೆ ಬೆಂಕಿಕಡ್ಡಿ ಗೀರಿದಾಗ ಬರೋ ವಾಸನೆ ಸಣ್ಣಗೆ. ಅದು ಬರ್ಟನ್ ಬಾವಿನೀರಿನ ಗುಣ. ಅಲ್ಲಿನ ನೀರಲ್ಲಿ ಜಿಪ್ಸಮ್ ಜಾಸ್ತಿ, ಅದು ಕಹಿಯನ್ನ ಚೂಪು ಮಾಡುತ್ತೆ. ಬೇರೆ ಊರಿನ ಬ್ರೂವರಿಗಳು ಇವತ್ತಿಗೂ ನೀರಿಗೆ ಜಿಪ್ಸಮ್ ಬೆರೆಸ್ತಾರೆ, ಅದಕ್ಕೆ 'ಬರ್ಟನೈಸ್' ಮಾಡೋದು ಅಂತಾನೇ ಹೆಸರು. ನೆಲದಡಿಯ ಗಡಸು ನೀರು ಅವರಿಗೆ ಬ್ರಾಂಡ್ ಆಯ್ತು. ಸಾವಿರ ಅಡಿ ಕೊರೆದು ತೆಗೆದ ನಮ್ಮ ಕೋಲಾರದ ಫ್ಲೋರೈಡ್ ನೀರು ನಮ್ಮ ಮಕ್ಕಳ ಹಲ್ಲಿನ ಮೇಲೆ ಕರೆ ಆಯ್ತು.

ಚೆನ್ನಾಗಿತ್ತು. ಇದನ್ನ ಹೇಳೋಕೆ ನನಗೆ ನಾಚಿಕೆ ಇಲ್ಲ. ರುಚಿ ನೋಡಿ ಹೆಸರಿಡೋ ಹಕ್ಕು ನಮ್ಮ ಜನಕ್ಕೆ ಸುಲಭವಾಗಿ ಸಿಕ್ಕಿದ್ದಲ್ಲ. ಉಳಿದದ್ದು, ತಂಗಳು, ಸತ್ತದ್ದು ಅಂತ ಕೊಟ್ಟಿದ್ದನ್ನ ತಿಂದು ಬದುಕಿದವರು ನಾವು. ಕಣ್ಣುಮುಚ್ಚಿ ಒಂದು ಗುಟುಕು ಬಾಯಲ್ಲಿಟ್ಟು 'ಇದು ಹೀಗಿದೆ' ಅಂತ ನಿಧಾನಕ್ಕೆ ಹೇಳೋದಕ್ಕೂ ಬಿಡುವು ಬೇಕು. ಆ ಬಿಡುವಿಗೂ ಬೆಲೆ ಇದೆ. ಒಂದು ಪೈಂಟ್, ಅಂದ್ರೆ 568 ಎಂಎಲ್‌ಗೆ ನಾಲ್ಕು ಪೌಂಡ್ ಚಿಲ್ಲರೆ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 349 ರೂಪಾಯಿ. ಒಂದಿನ ಗುಣಿ ತೋಡಿದ ಕೂಲಿ ಆ ಒಂದು ಲೋಟಕ್ಕೆ ಸಾಲಲ್ಲ. ಇದನ್ನ ಮರೆತು ರುಚಿ ಬಗ್ಗೆ ಮಾತಾಡೋನು ನಾನಲ್ಲ.

ಇನ್ನು ಇದನ್ನ ಮಾಡೋ ಬಗೆ. ಬಾರ್ಲಿ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಕಾಯಿಸ್ತಾರೆ. ಅದೇ ಮಾಲ್ಟ್. ಅಂಕಲ್‌ಜಿ ವಿವರಿಸ್ತಾ ಇದ್ದರೆ ನನಗೆ ನಗು. ಯಾಕಂದ್ರೆ ನಮ್ಮಮ್ಮ ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿ, ಹುರಿದು ಬೀಸೋದು ಇದೇ ಕೆಲಸ. ಹಸುಗೂಸಿಗೆ, ಬಾಣಂತಿಗೆ, ಕಾಯಿಲೆಯವರಿಗೆ ಕೊಡೋ ರಾಗಿ ಮಾಲ್ಟ್ ಅದು. ಹುಳಿ ಬರಿಸಿದ ಅಂಬಲಿ ಕುಡಿದು ಹೊಲಕ್ಕೆ ಹೋದ ನಮ್ಮ ಹೆಂಗಸರಿಗೆ ಧಾನ್ಯ ಹುಳಿಯೋದು ಹೇಗೆ ಅಂತ ಯಾವ ಬ್ರೂಮಾಸ್ಟರೂ ಹೇಳಿಕೊಡಬೇಕಾಗಿಲ್ಲ. ಈಚಲ ಹೆಂಡ 'ಕೀಳು ಜನರ ಕುಡಿತ' ಅನ್ನಿಸ್ಕೊಂಡಿತು. ಇಂದಿರಾನಗರದ ಮೈಕ್ರೋಬ್ರೂವರಿಯಲ್ಲಿ ಹುಳಿ ಬಂದದ್ದು 'ಕ್ರಾಫ್ಟ್' ಅನ್ನಿಸ್ಕೊಂಡಿತು. ಹುಳಿಯೋ ಕ್ರಿಯೆ ಒಂದೇ, ಅದಕ್ಕೆ ಹೆಸರಿಡೋ ಬಾಯಿ ಬೇರೆ.

ಒಂದು ತಮಾಷೆ ಹೇಳದೇ ಮುಂದೆ ಹೋಗಲ್ಲ. ಪೀಪಾಯಿ ಏಲ್ ತಿಳಿಯಾಗೋಕೆ ಹಳೇ ಕಾಲದಿಂದ ಬಳಸ್ತಾ ಬಂದಿರೋದು ಐಸಿಂಗ್ಲಾಸ್. ಹಾಗಂದ್ರೆ ಏನು? ಒಣಗಿಸಿದ ಮೀನಿನ ಗಾಳಿಚೀಲ! ಈಸ್ಟನ್ನೆಲ್ಲ ಹಿಡ್ಕೊಂಡು ತಳಕ್ಕೆ ಕೂರಿಸುತ್ತೆ. ಈಗ ಕೆಲವು ಕಡೆ ಅದನ್ನ ಬಿಟ್ಟಿದ್ದಾರೆ, ಆದ್ರೆ ಸಾಂಪ್ರದಾಯಿಕ ಪದ್ಧತಿ ಅದೇ. ಬಾಡಿಗೆ ಮನೆ ಕೇಳೋಕೆ ಹೋದಾಗ 'ನೀವು ನಾನ್‌ವೆಜ್ಜಾ?' ಅಂತ ಮೂಗು ಮುರಿದು, ವಿದೇಶಕ್ಕೆ ಹೋದಾಗ ಏಲ್ ಹೀರೋ ನಮ್ಮ ಶುದ್ಧ ಸಸ್ಯಾಹಾರಿ ಮಹನೀಯರಿಗೆ ಈ ಮಾಹಿತಿ ಅರ್ಪಣೆ.

ಈಗ ಇಂಡಿಯಾದ ಕಥೆಗೆ ಬರೋಣ. ಪೇಲ್ ಏಲ್ ಅಂದ ಕೂಡಲೇ ಎಲ್ಲರೂ ಹೇಳೋದು ಇಂಡಿಯಾ ಪೇಲ್ ಏಲ್ ಬಗ್ಗೆ. ಇಂಡಿಯಾಗೋಸ್ಕರ ಯಾರೋ ಒಬ್ಬ ಇದನ್ನ ಕಂಡುಹಿಡಿದ ಅನ್ನೋದು ಕಟ್ಟುಕಥೆ. ಕಲ್ಲಿದ್ದಲಿನ ಕೋಕ್ ಉರಿಯಲ್ಲಿ ಮಾಲ್ಟ್ ಕಾಯಿಸೋಕೆ ಶುರುವಾದ ಮೇಲೆ ತಿಳಿ ಬಣ್ಣದ ಬಿಯರ್ ಇಂಗ್ಲೆಂಡಿನಲ್ಲಿ ಆಗಲೇ ಬಂದಿತ್ತು. 18ನೇ ಶತಮಾನದ ಕೊನೆ ಹೊತ್ತಿಗೆ ಲಂಡನ್ನಿನ ಪೂರ್ವಕ್ಕಿದ್ದ ಹಾಡ್ಜ್‌ಸನ್ನನ ಬೋ ಬ್ರೂವರಿಯವರು ಈಸ್ಟ್ ಇಂಡಿಯಾ ಕಂಪನಿ ಹಡಗಿನ ಕ್ಯಾಪ್ಟನ್‌ಗಳಿಗೆ ಸಾಲದ ಮೇಲೆ ಪೀಪಾಯಿ ಕೊಡ್ತಿದ್ದರು. ಕೇಪ್ ಸುತ್ತಿ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಅಲ್ಲಾಡಿಕೊಂಡು ಬಂದ ಬಿಯರ್ ಮದ್ರಾಸು, ಕಲ್ಕತ್ತಾಗಳಲ್ಲಿ ಇಳಿಯೋ ಹೊತ್ತಿಗೆ ಹದವಾಗಿರೋದು. 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಪ್, ಬಾಸ್ ಕಂಪನಿಗಳು ಈ ವ್ಯಾಪಾರಕ್ಕೆ ಇಳಿದವು.

ಇಲ್ಲಿ ಕುಡಿದವರು ಯಾರು? ಕಂಪನಿಯ ದೊಡ್ಡ ದೊರೆಗಳು, ಅಧಿಕಾರಿಗಳು. ಸಾಮಾನ್ಯ ಬಿಳಿ ಸಿಪಾಯಿಗೂ ಹೆಚ್ಚಾಗಿ ಸಿಕ್ಕಿದ್ದು ಪೋರ್ಟರ್ರು, ಸಾರಾಯಿ. ಆ ಮೂಟೆ, ಪೀಪಾಯಿ ಹೊತ್ತವರು, ದೊರೆ ಮನೆಯಲ್ಲಿ ಬಟ್ಲರ್, ಅಡುಗೆಯವನು ಅಂತ ಗ್ಲಾಸ್ ತೊಳೆದು ಬಡಿಸಿದವರು ಬಹಳ ಕಡೆ ನಮ್ಮವರು. ದೊರೆಗೆ ಹೊಲೆಯನ ಕೈಯಿಂದ ಗ್ಲಾಸ್ ತಗೊಳ್ಳೋಕೆ ಮೈಲಿಗೆ ಇರಲಿಲ್ಲ, ಹಾಗಂತ ಸಮಾನತೆಯೂ ಇರಲಿಲ್ಲ. ನಮ್ಮ ತಾತ ಕೆಜಿಎಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಜಾನ್ ಟೇಲರ್ ಕಂಪನಿಯ ಕಾಲ. ಮೇಲೆ ದೊರೆಗಳಿಗೆ ಕ್ಲಬ್ಬು, ಬಂಗಲೆ. ಕೆಳಗೆ ನಮ್ಮವರಿಗೆ ಲೈನ್ ಮನೆ. ಕ್ಲಬ್ಬಿನೊಳಗೆ ತಾತನ ಬಣ್ಣದವರು ಕಾಲಿಡೋದಾದ್ರೆ ಟ್ರೇ ಹಿಡ್ಕೊಂಡೇ ಇಡಬೇಕಿತ್ತು. 'ಬ್ರಿಟಿಷರು ಬಂದು ನಮಗೆ ಬಾಗಿಲು ತೆಗೆದರು' ಅಂತ ಪೂರ್ತಿ ಹೇಳೋಕೂ ಆಗಲ್ಲ, ತೆಗೆಯಲೇ ಇಲ್ಲ ಅನ್ನೋಕೂ ಆಗಲ್ಲ. ಶಾಲೆ, ಸೈನ್ಯದ ಬಾಗಿಲು ಸ್ವಲ್ಪ ತೆಗೆದರು. ಕ್ಲಬ್ಬಿನ ಬಾಗಿಲು ಗಟ್ಟಿಯಾಗಿ ಹಾಕ್ಕೊಂಡರು.

ತಮ್ಮ ದೇಶದಲ್ಲಾದ್ರೂ ತೆಗೆದಿದ್ದರಾ? ಅಂಕಲ್‌ಜಿ ನನ್ನ ಕರ್ಕೊಂಡು ಹೋಗಿದ್ದು ಈ ಕಥೆ ಹೇಳೋಕೆ.

ಪಬ್ ಅಂದ್ರೆ ಪಬ್ಲಿಕ್ ಹೌಸ್. ಸಾರ್ವಜನಿಕರ ಮನೆ. ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡಂತಿರೋ ಸ್ಮೆದಿಕ್ ಅನ್ನೋ ಊರಲ್ಲಿ 1960ರ ದಶಕದಲ್ಲಿ ಈ ಸಾರ್ವಜನಿಕರ ಮನೆಗಳಲ್ಲಿ 'ಕಲರ್ ಬಾರ್' ಇತ್ತು. ಕೆಲವು ಪಬ್ಬುಗಳಲ್ಲಿ ಕಪ್ಪು, ಕಂದು ಮೈಯವರಿಗೆ ಬಿಯರೇ ಇಲ್ಲ. ಇನ್ನು ಕೆಲವದರಲ್ಲಿ ಮುಂದಿನ ಸಾದಾ ಬಾರ್ ಕೋಣೆಯಲ್ಲಿ ನಿಂತು ಕುಡೀರಿ, ಒಳಗಿನ ಮೆತ್ತನೆ ಕುರ್ಚಿಯ ಲೌಂಜಿಗೆ ಮಾತ್ರ ಬರಬೇಡಿ. "ದುಡ್ಡು ಅದೇ, ಬಿಯರ್ ಅದೇ, ಕೋಣೆ ಮಾತ್ರ ಬೇರೆ" ಅಂದರು ಅಂಕಲ್‌ಜಿ. ನಮ್ಮ ಹೋಬಳಿಯ ಟೀ ಹೋಟೆಲಿನ ಹೊರಗಿನ ಚಪ್ಪಡಿ ಕಲ್ಲು ನನ್ನ ಕಣ್ಣ ಮುಂದೆ ಬಂತು. ದುಡ್ಡು ಅದೇ, ಟೀ ಅದೇ, ಕೂರೋ ಜಾಗ ಬೇರೆ.

ಅದೇ ಸ್ಮೆದಿಕ್‌ನಲ್ಲಿ 1964ರ ಚುನಾವಣೆಯಲ್ಲಿ ವಲಸಿಗರ ವಿರುದ್ಧ ಹೊಲಸು ಪ್ರಚಾರ ಮಾಡಿದ ಪೀಟರ್ ಗ್ರಿಫಿತ್ಸ್ ಗೆದ್ದ. ಮಾರ್ಷಲ್ ಸ್ಟ್ರೀಟ್‌ನ ಖಾಲಿ ಮನೆಗಳನ್ನ ಕೌನ್ಸಿಲ್ಲೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕು ಅಂತ ಹೊರಟಿದ್ದರು. ಆಗ ಅಲ್ಲಿನ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಅವತಾರ್ ಸಿಂಗ್ ಜೋಹಲ್ ಒಂದು ಕೆಲಸ ಮಾಡಿದರು. ಫೌಂಡ್ರಿ ಕೆಲಸಗಾರ, ಕಮ್ಯುನಿಸ್ಟ್. 1965ರ ಫೆಬ್ರವರಿ 12ರಂದು ಮಾಲ್ಕಮ್ ಎಕ್ಸ್ ಅವರನ್ನ ಸ್ಮೆದಿಕ್‌ಗೆ ಕರೆಸಿ, ಮಾರ್ಷಲ್ ಸ್ಟ್ರೀಟ್‌ನಲ್ಲಿ ನಡೆಸಿ, ಆಮೇಲೆ ಬ್ಲೂ ಗೇಟ್ಸ್ ಅನ್ನೋ ಪಬ್ಬಿಗೆ ಕರ್ಕೊಂಡು ಹೋದರು. ಒಳಕೋಣೆಯಲ್ಲಿ ಕೊಡಲ್ಲ ಅಂದರು. ಸಾದಾ ಬಾರ್ ಕಡೆ ಹೋಗಿ ಅಂದರು. ಅಷ್ಟಾಗಿ ಒಂಬತ್ತೇ ದಿನಕ್ಕೆ, ಫೆಬ್ರವರಿ 21ಕ್ಕೆ, ನ್ಯೂಯಾರ್ಕಿನಲ್ಲಿ ಮಾಲ್ಕಮ್ ಎಕ್ಸ್ ಕೊಲೆಯಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಮಾಲ್ಕಮ್ ಎಕ್ಸ್ ಮುಸಲ್ಮಾನರು, ಮದ್ಯ ಮುಟ್ಟದವರು. ಕುಡಿಯದ ಮನುಷ್ಯ ಪಬ್ಬಿಗೆ ಯಾಕೆ ಹೋದ? ಚವದಾರ್ ಕೆರೆ ನೀರು ಕುಡಿಯದಿದ್ದರೆ ಸತ್ತುಹೋಗ್ತೀವಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡಕ್ಕೆ ಹೋದರಾ? ಎರಡಕ್ಕೂ ಉತ್ತರ ಒಂದೇ. ಬೇಕೋ ಬೇಡವೋ ಅಂತ ನಾನು ತೀರ್ಮಾನ ಮಾಡ್ತೀನಿ. 'ನಿನಗೆ ಇಲ್ಲ' ಅಂತ ಹೇಳೋ ಅಧಿಕಾರ ನಿನಗಿಲ್ಲ.

ಜೋಹಲ್ ಮತ್ತವರ ಸಂಗಾತಿಗಳ ತಂತ್ರ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಳಿ ವಿದ್ಯಾರ್ಥಿಗಳನ್ನ ಮೊದಲು ಪಬ್ಬಿನೊಳಗೆ ಕಳಿಸೋದು. ಅವರಿಗೆ ಬಿಯರ್ ಕೊಡ್ತಾರೆ. ಹಿಂದೆಯೇ ಇಂಡಿಯನ್ನರು ಹೋಗಿ ಕೇಳೋದು. ಕೊಡಲ್ಲ ಅಂತಾರೆ. ಈಗ ಸಾಕ್ಷಿ ಯಾರು? ಅಲ್ಲೇ ಲೋಟ ಹಿಡ್ಕೊಂಡು ಕೂತಿರೋ ಬಿಳಿಯರು. ಈ ಸಾಕ್ಷಿ ಇಟ್ಕೊಂಡು ಪಬ್ಬಿನ ಲೈಸೆನ್ಸ್ ನವೀಕರಣಕ್ಕೆ ಬಂದಾಗ ತಕರಾರು ಹಾಕೋದು. ಮಾಲೀಕನ ಮನಃಪರಿವರ್ತನೆಗೆ ಕಾಯ್ತಾ ಕೂರಲಿಲ್ಲ ಅವರು. ಅವನ ಅಂಗಡಿ ನಿಂತಿರೋ ಕಾಗದಕ್ಕೇ ಕೈ ಹಾಕಿದರು. 1965ರ ಕೊನೆಗೆ ಬ್ರಿಟನ್ನಿಗೆ ಮೊದಲ ರೇಸ್ ರಿಲೇಷನ್ಸ್ ಕಾಯ್ದೆ ಬಂತು. ಪಬ್ಬು, ಹೋಟೆಲು, ಬಸ್ಸು, ಸಿನಿಮಾದಂಥ ಜಾಗಗಳಲ್ಲಿ ಬಣ್ಣ ನೋಡಿ ತಡೆಯೋದು ಕಾನೂನುಬಾಹಿರ ಆಯ್ತು. ಹಲ್ಲಿಲ್ಲದ ಕಾಯ್ದೆ, ಮನೆ ಮತ್ತು ಕೆಲಸ ಅದರೊಳಗೆ ಬರೋಕೆ 1968ರ ತನಕ ಕಾಯಬೇಕಾಯ್ತು. ಆದ್ರೂ ಬಾಗಿಲು ತೆಗೀತು. ಇವತ್ತು ಸ್ಮೆದಿಕ್, ವೆಸ್ಟ್ ಬ್ರಾಮ್‌ವಿಚ್ ಕಡೆ ಪಂಜಾಬಿಗಳೇ ನಡೆಸೋ ದೇಸಿ ಪಬ್ಬುಗಳಿವೆ, ಏಲ್ ಜೊತೆ ತಂದೂರಿ ಸಿಗುತ್ತೆ. ಅಂದು ಒಳಗೆ ಬಿಡದಿದ್ದವರ ಮಕ್ಕಳು ಇವತ್ತು ಆ ಹಿಡಿ ಜಗ್ಗಿ ಎಲ್ಲರಿಗೂ ಬಿಯರ್ ಬಡಿಸ್ತಾರೆ.

ಪಬ್ಬಿನಲ್ಲಿ 'ರೌಂಡ್' ಅಂತ ಒಂದು ಪದ್ಧತಿ ಇದೆ. ನಾಲ್ಕು ಜನ ಕೂತರೆ ಮೊದಲ ಸಲ ಒಬ್ಬ ಎಲ್ಲರಿಗೂ ತರ್ತಾನೆ, ಮುಂದಿನ ಸಲ ಇನ್ನೊಬ್ಬ. ತಪ್ಪಿಸ್ಕೊಂಡವನಿಗೆ ಮರ್ಯಾದೆ ಇಲ್ಲ. ನೋಡೋಕೆ ಸಣ್ಣ ವಿಷಯ. ಆದ್ರೆ ಯೋಚನೆ ಮಾಡಿ, ಜಾತಿ ಮೊದಲು ಮುರಿಯೋದು ಇದನ್ನೇ. ಮೇಲಿನವನು ಕೆಳಗಿನವನಿಗೆ ಕೊಡ್ತಾನೆ, ಮೇಲಿಂದ ಹುಯ್ತಾನೆ, ಪುಣ್ಯ ಅಂತಾನೆ. ಕೆಳಗಿನವನ ಕೈಯಿಂದ ತಗೊಳ್ಳಲ್ಲ. ದಲಿತರ ಮನೆಯಲ್ಲಿ ಊಟ ಮಾಡ್ತೀವಿ ಅಂತ ಕ್ಯಾಮೆರಾ ಜೊತೆ ಬರೋ ರಾಜಕಾರಣಿಗಳಿಗೆ ಹೋಟೆಲಿಂದ ಪಾರ್ಸಲ್ ಬರೋದನ್ನ ನೋಡಿಲ್ವಾ? ಕೊಡೋದು ಸುಲಭ, ತಗೊಳ್ಳೋದೇ ಪರೀಕ್ಷೆ. ಎರಡನೇ ರೌಂಡು ನಾನು ತಂದೆ. ಪಕ್ಕದ ಮೇಜಿನ ಬಿಳಿ ಮುದುಕ ನನ್ನ ಕೈಯಿಂದ ಲೋಟ ತಗೊಂಡು 'ಚಿಯರ್ಸ್' ಅಂದ, ಅಷ್ಟೆ. ಅವನಿಗೆ ಅದು ಏನೂ ಅಲ್ಲ. ಆ 'ಏನೂ ಅಲ್ಲ' ಅನ್ನೋದು ನಮ್ಮೂರಲ್ಲಿ ಯಾವಾಗ ಬರುತ್ತೆ?

ಇಷ್ಟು ಓದಿ ಇಂಗ್ಲೆಂಡ್ ಸ್ವರ್ಗ ಅಂದ್ಕೋಬೇಡಿ. ಬಣ್ಣದ ವಿರುದ್ಧ ಒಟ್ಟಾಗಿ ನಿಂತ ನಮ್ಮ ದೇಶದವರು ಜಾತಿಯನ್ನ ಸೂಟ್‌ಕೇಸಿನಲ್ಲಿ ತಗೊಂಡೇ ಹೋಗಿದ್ದರು. ರವಿದಾಸಿಯಾಗಳು ತಮ್ಮದೇ ಗುರುದ್ವಾರ ಕಟ್ಟಿಕೊಂಡಿದ್ದು ಸುಮ್ಮನೆ ಅಲ್ಲ. ಬ್ರಿಟಿಷ್ ಸರ್ಕಾರವೇ ಮಾಡಿಸಿದ ಅಧ್ಯಯನ 2010ರಲ್ಲಿ ಅಲ್ಲೂ ಜಾತಿ ತಾರತಮ್ಯ, ಕಿರುಕುಳಕ್ಕೆ ಪುರಾವೆ ಇದೆ ಅಂತ ಹೇಳಿತು. 2013ರಲ್ಲಿ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನ ಸೇರಿಸಬೇಕು ಅಂತ ಸಂಸತ್ತು ಹೇಳಿತು. 2018ರಲ್ಲಿ ಸರ್ಕಾರ 'ಬೇಡ, ಕೋರ್ಟ್ ತೀರ್ಪುಗಳೇ ಸಾಕು' ಅಂತ ಕೈ ತೊಳ್ಕೊಂಡಿತು. ತಡೆದವರಲ್ಲಿ ಅಲ್ಲಿನ ಹಿಂದೂ ಸಂಘಟನೆಗಳು ಮುಂದಿದ್ದವು. ತಮಗೆ ಬಣ್ಣದ ಅವಮಾನ ಆದಾಗ ಕಾನೂನು ಬೇಕು, ತಾವು ಮಾಡೋ ಜಾತಿಯ ಅವಮಾನಕ್ಕೆ ಬೇಡ. "ಗೋರಾನ ಜೊತೆ ಬೇಗ ರಾಜಿಯಾಯ್ತು ಬೇಟಾ. ನಮ್ಮವರ ಜೊತೆ ಇನ್ನೂ ನಡೀತಾ ಇದೆ" ಅಂದರು ಅಂಕಲ್‌ಜಿ.

ಈಗ ನಮ್ಮ ಒಳಗಿನ ಪ್ರಶ್ನೆ. ಬಾಬಾಸಾಹೇಬರು ಮದ್ಯ ಮುಟ್ಟಿದವರಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯಪಾನ ಮಾಡಲ್ಲ ಅನ್ನೋದೂ ಒಂದು. ದೀಕ್ಷೆ ತಗೊಂಡ ಬಂಧುಗಳು ಅದನ್ನ ಪಾಲಿಸ್ತಾರೆ, ಅವರಿಗೆ ನನ್ನ ಶರಣು. ನಾನು ದೀಕ್ಷೆ ತಗೊಂಡವನಲ್ಲ, ಅವರ ಹೆಸರಲ್ಲಿ ಮಾತಾಡ್ತಾನೂ ಇಲ್ಲ. ನಮ್ಮಮ್ಮ ಕಾಲೋನಿ ಹೆಂಗಸರ ಜೊತೆ ಸಾರಾಯಿ ಅಂಗಡಿ ಮುಂದೆ ಧರಣಿ ಕೂತವಳು. ಕೂಲಿ ದುಡ್ಡು ಅಂಗಡಿ ಗಲ್ಲಾಕ್ಕೆ ಹೋಗಿ, ಹೊಡೆತ ಮನೆಗೆ ಬರೋದನ್ನ ಕಂಡವಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಬದಲಿಗೆ ಟೆಟ್ರಾ ಪ್ಯಾಕಲ್ಲಿ ಅಗ್ಗದ ವಿಸ್ಕಿ ಬಂತು. ಕಾಲೋನಿ ಬಾಗಿಲಿಗೇ ಬಂತು. ಸರ್ಕಾರದ ಅಬಕಾರಿ ಗುರಿ ತಲುಪೋದು ನಮ್ಮ ಹೆಂಗಸರ ತಾಳಿ ಅಡ ಇಟ್ಟು. ಆ ಹೋರಾಟದಲ್ಲಿ ನಾನು ಅಮ್ಮನ ಕಡೆ, ಇವತ್ತಿಗೂ.

ಹಾಗಾದ್ರೆ ಪಬ್ಬಿನ ಲೋಟದ ಬಗ್ಗೆ ಯಾಕೆ ಬರೆದೆ? ಅಮ್ಮನ ಹೋರಾಟಕ್ಕೂ ಇದಕ್ಕೂ ಜಗಳ ಇಲ್ಲ ಅನ್ನೋ ಕಾರಣಕ್ಕೇ. ಕುಡಿಯೋದು ಬಿಡೋದು ನಮ್ಮ ತೀರ್ಮಾನ ಆಗಬೇಕು. ನಮ್ಮನ್ನ ಕುಡಿಸಿ ಕೆಡಿಸೋ ಅಧಿಕಾರ ಯಾರಿಗೂ ಇರಬಾರದು, ನಿನಗೆ ಈ ಲೋಟ ಇಲ್ಲ ಅನ್ನೋ ಅಧಿಕಾರವೂ ಇರಬಾರದು. ನಾಳೆ ರಾಜ್ಯದಲ್ಲಿ ಒಂದು ಹನಿ ಮದ್ಯ ಸಿಗದ ಹಾಗಾದ್ರೂ ಟೀ ಹೋಟೆಲಿನ ಲೋಟದ ಪ್ರಶ್ನೆ ಹಾಗೇ ಉಳಿಯುತ್ತೆ.

ಆ ಲೋಟ ಈಗ ವೇಷ ಬದಲಾಯಿಸಿದೆ. ತೆಂಗಿನ ಚಿಪ್ಪು ಹೋಯ್ತು, ಬೇರೆ ಗೂಟಕ್ಕೆ ಸಿಕ್ಕಿಸಿದ ಅಲ್ಯೂಮಿನಿಯಂ ಲೋಟ ಬಹಳ ಕಡೆ ಹೋಯ್ತು. ಬಂದಿದ್ದು ಪೇಪರ್ ಕಪ್. ಊರಿನೋರಿಗೆ ಗಾಜಿನ ಲೋಟ, ನಮಗೆ ಕೇಳದೇ ಪೇಪರ್ ಕಪ್. ಕೇಳಿದ್ರೆ 'ಅಣ್ಣಾ, ಹೈಜೀನು' ಅಂತಾರೆ. ಹೈಜೀನ್ ಆದ್ರೆ ಎಲ್ಲರಿಗೂ ಕೊಡಪ್ಪ! ಬಿಸಾಡೋ ಲೋಟದಲ್ಲಿ ಬಿಸಾಡೋ ಮನುಷ್ಯರಿಗೆ ಅಂತ ಲೆಕ್ಕ. ಪೊಲೀಸರು ಬಂದ್ರೆ ಎರಡು ಸಾಲು ಲೋಟ ಕಾಣಲ್ಲ, ಕೇಸೂ ನಿಲ್ಲಲ್ಲ.

ಅದಕ್ಕೇ ಸ್ಮೆದಿಕ್ ತಂತ್ರ ನಮಗೆ ಬೇಕು. ಕಾನೂನು ನಮ್ಮ ಕೈಯಲ್ಲೇ ಇದೆ. ಸಂವಿಧಾನದ 15(2) ಮತ್ತು 17ನೇ ವಿಧಿ ಇದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ ಸೆಕ್ಷನ್ 4 ಹೋಟೆಲಿನ ಪಾತ್ರೆ-ಲೋಟ ಬಳಸೋಕೆ ತಡೆಯೋದನ್ನ ಅಪರಾಧ ಅಂತ ಹೇಳುತ್ತೆ. ಸೆಕ್ಷನ್ 6 ಪ್ರಕಾರ ಬೇರೆ ಗಿರಾಕಿಗಳಿಗೆ ಕೊಡೋ ಅದೇ ಹೊತ್ತು, ಅದೇ ಜಾಗ, ಅದೇ ಷರತ್ತಿನ ಮೇಲೆ ಅಸ್ಪೃಶ್ಯತೆಯ ಕಾರಣಕ್ಕೆ ಕೊಡದೇ ಇರೋದು ಅಪರಾಧ. ಈ ಸೆಕ್ಷನ್ 6ರಲ್ಲಿ ಶಿಕ್ಷೆಯಾದ್ರೆ, ಸೆಕ್ಷನ್ 8ರಂತೆ ಕೋರ್ಟು ಆ ವ್ಯಾಪಾರದ ಲೈಸೆನ್ಸನ್ನೇ ರದ್ದು ಮಾಡಬಹುದು ಅಥವಾ ಅಮಾನತಿನಲ್ಲಿಡಬಹುದು. ಎಷ್ಟು ದೂರುಗಳಲ್ಲಿ ನಾವು ಸೆಕ್ಷನ್ 6 ಹಾಕಿಸಿ, ಸೆಕ್ಷನ್ 8ರ ಆದೇಶ ಕೇಳಿದೀವಿ? ಇನ್ನು ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಬಂದ 3(1)(ಜಡ್‌ಎ) ಕೂಡ ಸಾರ್ವಜನಿಕ ಜಾಗದ ಪಾತ್ರೆ ಬಳಸೋದನ್ನ ತಡೆಯೋದಕ್ಕೆ ಆರು ತಿಂಗಳಿಂದ ಐದು ವರ್ಷದ ತನಕ ಶಿಕ್ಷೆ ಇಟ್ಟಿದೆ.

ಮಾಡಬೇಕಾಗಿರೋದು ಇಷ್ಟು. ಒಂದು, ನಮ್ಮ ಜೊತೆ ನಿಲ್ತೀವಿ ಅನ್ನೋ ಮೇಲ್ಜಾತಿ ಗೆಳೆಯರು ವೇದಿಕೆ ಮೇಲೆ ನೀಲಿ ಶಾಲು ಹಾಕ್ಕೊಂಡು ಭಾಷಣ ಮಾಡೋದು ಸಾಕು. ನಮಗಿಂತ ಐದು ನಿಮಿಷ ಮುಂಚೆ ಹೋಟೆಲಿಗೆ ಹೋಗಿ ಕೂತ್ಕೊಳ್ಳಿ, ನಿಮಗೆ ಯಾವ ಲೋಟ, ನಮಗೆ ಯಾವ ಲೋಟ ಅಂತ ನೋಡಿ, ಬಂದು ಸಾಕ್ಷಿ ಹೇಳಿ. ಎರಡು, ದೂರಿನಲ್ಲಿ ಸೆಕ್ಷನ್ 6 ಬರಲೇಬೇಕು ಅಂತ ಸ್ಟೇಷನ್ನಿನಲ್ಲಿ ಪಟ್ಟು ಹಿಡೀರಿ. ಮೂರು, ಹೋಟೆಲಿನ ಪಂಚಾಯ್ತಿ ಲೈಸೆನ್ಸ್, ಬಾರಿನ ಅಬಕಾರಿ ಲೈಸೆನ್ಸ್ ನವೀಕರಣಕ್ಕೆ ಬಂದಾಗ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ತಗೊಳ್ಳಿ. ನಾಲ್ಕು, ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಅದರ ಅಜೆಂಡಾದಲ್ಲಿ ಹೋಬಳಿವಾರು ಲೋಟದ ಪಟ್ಟಿ ಇಡಿಸಿ.

ನಮ್ಮ ತಾಲ್ಲೂಕಿನಲ್ಲಿ ಮುಂದಿನ ತಿಂಗಳಿಂದ ಶುರು ಮಾಡ್ತಾ ಇದೀವಿ. ಬರೋರು ಇನ್‌ಬಾಕ್ಸಿಗೆ ಹೆಸರು ಕಳಿಸಿ, ಯಾವ ಹೋಬಳಿ ಅಂತಲೂ ಬರೀರಿ. ಮೇಲ್ಜಾತಿ ಗೆಳೆಯರೇ, ನಿಮ್ಮ ಹೆಸರುಗಳಿಗೆ ವಿಶೇಷವಾಗಿ ಕಾಯ್ತಾ ಇದೀನಿ.

ಜೈಭೀಮ್.